ಬಾಯಿ ತೆರೆದವರಿಗೆ ಲೆಕ್ಕ ಕೊಡಿ

ಅರಸೀಕೆರೆ ತಾಲ್ಲೂಕಿನ ಸರ್ಕಾರಿ ಶಾಲೆಗಳಲ್ಲಿ ಮೂವತ್ತು ವರ್ಷ ಮೇಷ್ಟ್ರಾಗಿದ್ದವನು ನಾನು. ಡೆಂಟಿಸ್ಟ್ ಅಲ್ಲ, ವಿಜ್ಞಾನಿಯಂತೂ ಅಲ್ಲವೇ ಅಲ್ಲ. ಹಲ್ಲಿನ ಸಂಶೋಧನೆ ಬಗ್ಗೆ ನಿನಗೇನಯ್ಯಾ ಗೊತ್ತು ಅಂತ ಯಾರಾದರೂ ಕೇಳಿದರೆ ಒಂದೇ ಉತ್ತರ ಇದೆ: ಅದಕ್ಕೆ ಬೇಕಾದ ಬಾಯಿಗಳನ್ನ ಒದಗಿಸಿಕೊಟ್ಟವನು ನಾನು.

ಹನ್ನೆರಡು ವರ್ಷದ ಹಿಂದಿನ ಮಾತು. ಆಗ ನಾನಿದ್ದದ್ದು ಜಾವಗಲ್ ಕಡೆಯ ಒಂದು ಹಳ್ಳಿ ಶಾಲೆಯಲ್ಲಿ. ಒಂದು ಡೆಂಟಲ್ ಕಾಲೇಜಿನ ವ್ಯಾನು ಬಂದು ನಿಂತಿತು. ಯಾವ ಕಾಲೇಜು ಅಂತ ಹೇಳಲ್ಲ, ಹೇಳಿದರೆ ಅವರೊಬ್ಬರದ್ದೇ ತಪ್ಪು ಅನ್ನಿಸಿಬಿಡುತ್ತೆ. ಬಿಳಿ ಕೋಟಿನ ಐದಾರು ಹುಡುಗ ಹುಡುಗಿಯರು. ಒಳ್ಳೆಯ ಮಕ್ಕಳು, ನಗುನಗ್ತಾ ಮಾತಾಡಿಸಿದರು. ಜಗಲಿ ಮೇಲೆ ಪ್ಲಾಸ್ಟಿಕ್ ಕುರ್ಚಿ ಹಾಕಿದ್ವಿ, ಮಕ್ಕಳನ್ನ ಸಾಲಾಗಿ ನಿಲ್ಲಿಸಿದ್ವಿ. “ಆ ಅನ್ನು ಪುಟ್ಟ” ಅಂದರು. ಮಕ್ಕಳು “ಆ” ಅಂದವು. ಒಬ್ಬರು ಪುಟ್ಟ ಕನ್ನಡಿ, ಟಾರ್ಚು ಹಿಡಿದು ಒಂದು ಅಂಕಿ ಕೂಗೋದು, ಇನ್ನೊಬ್ಬರು ಹಾಳೆಯಲ್ಲಿ ಬರ್ಕೊಳ್ಳೋದು. “ಎರಡು.” “ಮೂರು.” “ಮೂರು.” “ಒಂದು.” ಸಂಜೆ ನಾಲ್ಕಕ್ಕೆಲ್ಲ ಮುಗೀತು. ಎಲ್ಲರಿಗೂ ಬೆರಳುದ್ದದ ಪೇಸ್ಟು, ಒಂದೊಂದು ಬ್ರಷ್ಷು. ಫೋಟೋ. ಟೀ. ವ್ಯಾನು ಹೋಯ್ತು.

ಅದಾದ ಮೇಲೆ ಆ ವ್ಯಾನು ಬರಲಿಲ್ಲ. ಒಂದು ಕಾಗದವೂ ಬರಲಿಲ್ಲ.

ಮಾರನೇ ದಿನ ಐದನೇ ಕ್ಲಾಸಿನ ಒಬ್ಬ ಹುಡುಗನ ತಾಯಿ ಶಾಲೆಗೆ ಬಂದಳು. ಸೊಂಟದಲ್ಲಿ ಎರಡು ವರ್ಷದ ಹೆಣ್ಣುಕೂಸು. “ಮೇಷ್ಟ್ರೇ, ನಮ್ ಹೈದನ ಹಲ್ಲಿಗೆ ಮೂರು ಅಂದ್ರಂತಲ್ಲ, ಹಂಗಂದ್ರೆ ಏನು? ಒಳ್ಳೇದಾ ಕೆಟ್ಟದ್ದಾ?” ನನಗೆ ಗೊತ್ತಿರಲಿಲ್ಲ. “ಕಂದು ಬಣ್ಣ ಉಜ್ಜಿದ್ರೆ ಹೋಗ್ತದಾ? ಅವ್ರು ಕೊಟ್ಟಿರೋ ಪೇಸ್ಟ್‌ನಾಗೆ ಉಜ್ಜಿಸ್ಲಾ?” ಗೊತ್ತಿರಲಿಲ್ಲ. ಕೂಸನ್ನ ಮುಂದಕ್ಕೆ ಹಿಡಿದು ಕೇಳಿದಳು, “ಇವ್ಳಿಗೂ ಹಂಗೇ ಬತ್ತದಾ?”

ಅದೂ ಗೊತ್ತಿರಲಿಲ್ಲ. ವಿಚಾರಿಸಿ ಹೇಳ್ತೀನಿ ತಾಯಿ ಅಂದೆ. ವಿಚಾರಿಸಲಿಲ್ಲ. ಮಾರ್ಚ್ ಬಂತು, ಪರೀಕ್ಷೆ ಬಂತು, ಜನಗಣತಿ, ಚುನಾವಣೆ, ಬಿಸಿಯೂಟದ ಲೆಕ್ಕ. ಮೇಷ್ಟ್ರ ಕೆಲಸ ನಿಮಗೆ ಗೊತ್ತಲ್ಲ.

ನಿವೃತ್ತಿ ಆದ ಮೇಲೆ ಪುರುಸೊತ್ತು ಸಿಕ್ಕಿ ಓದೋಕೆ ಕೂತೆ. ಓದಿದಷ್ಟೂ ಹೊಟ್ಟೆ ಉರೀತು. ಯಾಕಂದ್ರೆ ಆ ತಾಯಿಯ ಮೂರು ಪ್ರಶ್ನೆಗೂ ಉತ್ತರ ಇತ್ತು, ಅವತ್ತೇ ಇತ್ತು. ಅಂಕಿ ಬರ್ಕೊಂಡ ಹುಡುಗಿಯ ತಲೆಯಲ್ಲೇ ಇತ್ತು.

“ಮೂರು” ಅಂದ್ರೆ ಡೀನ್ಸ್ ಇಂಡೆಕ್ಸ್. ಅಮೆರಿಕದ ಟ್ರೆಂಡ್ಲಿ ಡೀನ್ ಅನ್ನೋ ದಂತವೈದ್ಯ 1930ರ ದಶಕದಲ್ಲಿ ಹಲ್ಲಿನ ಫ್ಲೋರೋಸಿಸ್ ಅಳೆಯೋಕೆ ಮಾಡಿದ ಪಟ್ಟಿ. ಸೊನ್ನೆ ಅಂದ್ರೆ ಚೆನ್ನಾಗಿದೆ. ನಾಲ್ಕು ಅಂದ್ರೆ ತೀರಾ ಹಾಳಾಗಿದೆ, ಹಲ್ಲಿನ ಮೇಲೆ ಗುಳಿ ಬಿದ್ದಿದೆ. ಮೂರು ಅಂದ್ರೆ ಹಲ್ಲಿನ ಮೈಯೆಲ್ಲ ಸುಣ್ಣ ಬಳಿದ ಹಾಗಾಗಿ, ಬಹಳ ಸಲ ಕಂದು ಕಲೆ ಹಿಡಿದಿದೆ. ಉಜ್ಜಿದರೆ ಹೋಗಲ್ಲ, ಯಾಕಂದ್ರೆ ಅದು ಮೇಲೆ ಅಂಟಿದ ಕೊಳೆ ಅಲ್ಲವೇ ಅಲ್ಲ. ಹಲ್ಲು ದವಡೆಯ ಒಳಗೆ ಇನ್ನೂ ರೂಪುಗೊಳ್ತಾ ಇರುವಾಗಲೇ, ಮಗು ಕುಡಿದ ನೀರಿನ ಫ್ಲೋರೈಡು ಹೆಚ್ಚಾಗಿ ಹಲ್ಲಿನ ಎನಾಮಲ್ ಸರಿಯಾಗಿ ಗಟ್ಟಿಯಾಗದೆ ಉಳಿದದ್ದು. ಹಲ್ಲು ಹೊರಗೆ ಬರೋ ಹೊತ್ತಿಗೆ ಎಲ್ಲಾ ಮುಗಿದಿರುತ್ತೆ. ಹುಟ್ಟಿನಿಂದ ಸುಮಾರು ಎಂಟು ವರ್ಷದವರೆಗೆ ಕುಡಿದ ನೀರೇ ಅದನ್ನ ತೀರ್ಮಾನ ಮಾಡೋದು. ಮುಂದಿನ ಹಲ್ಲುಗಳಿಗಂತೂ ಮೊದಲ ಮೂರು ನಾಲ್ಕು ವರ್ಷವೇ ಮುಖ್ಯ.

ಅಂದ್ರೆ ಸೊಂಟದ ಮೇಲಿದ್ದ ಆ ಕೂಸಿಗೆ ಅವತ್ತು ಇನ್ನೂ ಕಾಲ ಇತ್ತು. “ಕುಡಿಯೋಕೂ ಅಡುಗೆಗೂ ಬೋರ್‌ವೆಲ್ ನೀರು ಬಳಸಬೇಡಮ್ಮ, ಮಳೆನೀರು ಹಿಡಿದು ಇಟ್ಕೋ, ಇಲ್ಲಾ ಪರೀಕ್ಷೆ ಮಾಡಿಸಿದ ಬೇರೆ ನೀರು ತಗೋ. ಕುದಿಸಿದರೆ ಫ್ಲೋರೈಡ್ ಹೋಗಲ್ಲ, ನೀರು ಇಂಗಿ ಇನ್ನೂ ಹೆಚ್ಚಾಗುತ್ತೆ.” ಇಷ್ಟೇ ಮಾತು. ಹೇಳೋಕೆ ಒಂದು ನಿಮಿಷ ಸಾಕಿತ್ತು.

ನಮ್ಮ ತಾಲ್ಲೂಕಿನ ನೀರಿನ ಕಥೆ ಹೊಸದೇನಲ್ಲ. ಅರಸೀಕೆರೆ ಅನ್ನೋ ಹೆಸರಿನಲ್ಲೇ ಕೆರೆ ಇದೆ, ತಾಲ್ಲೂಕು ಮಾತ್ರ ಬರಗಾಲದ್ದು. ಕೆರೆ ಒಣಗಿದ ಹಾಗೆ ಬೋರು ಕೊರೆದ್ವಿ. ತೆಂಗು ಉಳಿಸ್ಕೊಳ್ಳೋಕೆ ಇನ್ನೂ ಆಳಕ್ಕೆ ಹೋದ್ವಿ. ಆಳದ ಕಲ್ಲಿನೊಳಗಿಂದ ನೀರಿನ ಜೊತೆ ಫ್ಲೋರೈಡೂ ಬಂತು. ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರು ಇಲ್ಲವೇ ಇಲ್ಲ ಅಂದ್ರೆ 1.5ರ ತನಕ ಅಂತ ಭಾರತೀಯ ಮಾನಕ ಹೇಳುತ್ತೆ. ನಮ್ಮ ಎಷ್ಟೋ ಊರುಗಳ ಬೋರಿನ ನೀರು ಅದನ್ನ ದಾಟಿದ್ದು ಸರ್ಕಾರಕ್ಕೂ ಗೊತ್ತು, ಕಾಲೇಜುಗಳಿಗೂ ಗೊತ್ತು. ಗೊತ್ತಿದ್ದರಿಂದಲೇ ತಾನೇ ಆ ವ್ಯಾನು ಹುಡುಕಿಕೊಂಡು ನಮ್ಮೂರಿಗೆ ಬಂದದ್ದು?

ಇಲ್ಲಿಂದಲೇ ನನ್ನ ತಕರಾರು ಶುರು. ಭಾರತದಲ್ಲಿ ಈ ಕಾಯಿಲೆ ಮೊದಲು ವರದಿಯಾದದ್ದು 1937ರಲ್ಲಿ, ಆಗಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಜಿಲ್ಲೆಯಿಂದ. ಎಂಬತ್ತು ವರ್ಷದ ಮೇಲಾಯ್ತು. ಅಲ್ಲಿಂದ ಇಲ್ಲಿ ತನಕ ನಾವು ಎಣಿಸ್ತಾನೇ ಇದ್ದೀವಿ. ಈ ತಾಲ್ಲೂಕಲ್ಲಿ ಇಷ್ಟು ಮಕ್ಕಳಿಗೆ, ಆ ತಾಲ್ಲೂಕಲ್ಲಿ ಅಷ್ಟು ಮಕ್ಕಳಿಗೆ. ಎಣಿಸೋದು ಬೇಡ ಅಂತಲ್ಲ. ಎಣಿಸಿದ ಮೇಲೆ ಏನು ಅಂತ ಕೇಳ್ತಿದ್ದೀನಿ.

ನನ್ನ ತಮ್ಮನ ಮಗಳು ಎಂ.ಡಿ.ಎಸ್. ಮಾಡಿದಳು. ಅವಳನ್ನ ಹಿಡ್ಕೊಂಡು ಜಗಳ ಆಡಿದೆ. “ದೊಡ್ಡಪ್ಪ, ನಿಮಗೆ ಗೊತ್ತಿಲ್ಲ” ಅಂದಳು. “ಮೂರು ವರ್ಷದ ಕೋರ್ಸು. ಅದರಲ್ಲಿ ಟಾಪಿಕ್ ಹುಡುಕಬೇಕು, ಎಥಿಕ್ಸ್ ಕಮಿಟಿ ಒಪ್ಪಬೇಕು, ಪೇಷೆಂಟ್ ಸಿಗಬೇಕು, ಸ್ಟ್ಯಾಟಿಸ್ಟಿಕ್ಸ್‌ನವರ ಮನೆ ಬಾಗಿಲು ಕಾಯಬೇಕು, ಬೈಂಡ್ ಮಾಡಿಸಿ ಕೊಡಬೇಕು. ದುಡ್ಡು ನಮ್ಮ ಕೈಯಿಂದಲೇ. ಮುಗಿದರೆ ಸಾಕಪ್ಪಾ ಅನ್ನಿಸುತ್ತೆ. ವಾಪಸ್ ಹಳ್ಳಿಗೆ ಹೋಗಿ ಹೇಳಿ ಬಾ ಅಂತ ಯಾರೂ ಕೇಳಲ್ಲ. ಕೇಳಿದ್ರೆ ಹೋಗ್ತಿದ್ವಿ.”

ಅವಳ ಮಾತು ನಿಜ. ಅವಳ ಮೇಲೆ ನನಗೆ ಸಿಟ್ಟಿಲ್ಲ. “ಯಾರೂ ಕೇಳಲ್ಲ” ಅಂದಳಲ್ಲ, ಸಿಟ್ಟು ಇರೋದು ಆ ಮಾತಿನ ಮೇಲೆ.

ಕರ್ನಾಟಕದಲ್ಲಿ ಡೆಂಟಲ್ ಕಾಲೇಜುಗಳಿಗೇನು ಬರವಿಲ್ಲ. ಬೆಂಗಳೂರಿನ ಸರ್ಕಾರಿ ದಂತ ಕಾಲೇಜು 1958ರಲ್ಲಿ ಶುರುವಾದಾಗ ಒಂದಿತ್ತು, ಈಗ ಹತ್ತಾರು. ಎಂ.ಡಿ.ಎಸ್. ಇರೋ ಕಡೆಯೆಲ್ಲ ಪ್ರತಿ ವಿದ್ಯಾರ್ಥಿಯೂ ಒಂದು ಪ್ರಬಂಧ ಬರೀಲೇಬೇಕು. ವರ್ಷಕ್ಕೆ ಎಷ್ಟು ಪ್ರಬಂಧ ಆಗಬಹುದು, ಎಷ್ಟು ಬಾಯಿ ತೆರೆಸಿರಬಹುದು, ನೀವೇ ಅಂದಾಜು ಮಾಡಿ. ತಮ್ಮನ ಮಗಳು ತೋರಿಸಿದ ಪತ್ರಿಕೆಗಳನ್ನ ಒಂದಷ್ಟು ಓದಿದೆ. ಬೇವಿನ ರಸದಲ್ಲಿ ಬಾಯಿ ಮುಕ್ಕಳಿಸಿದರೆ ಏನಾಗುತ್ತೆ, ತುಳಸಿ ನೀರಾದರೆ ಏನಾಗುತ್ತೆ, ಗ್ರೀನ್ ಟೀ ಆದರೆ ಏನು, ಎಳ್ಳೆಣ್ಣೆ ಆದರೆ ಏನು. ಒಂದೊಂದನ್ನೂ ಕ್ಲೋರ್‌ಹೆಕ್ಸಿಡಿನ್ ಎದುರಿಗೆ ಕುಸ್ತಿಗೆ ಬಿಡೋದು. ಎರಡು ಮೂರು ಡಜನ್ ಜನ, ಎರಡು ಮೂರು ವಾರ. ಬಹಳಷ್ಟು ಸಲ ಆ ಜನ ಅದೇ ಕಾಲೇಜಿನ ವಿದ್ಯಾರ್ಥಿಗಳೇ. ಕೊನೆಗೆ ಒಂದು ವಾಕ್ಯ: “ಈ ಬಗ್ಗೆ ಇನ್ನೂ ಹೆಚ್ಚಿನ ಅಧ್ಯಯನದ ಅಗತ್ಯವಿದೆ.” ಆ ಹೆಚ್ಚಿನ ಅಧ್ಯಯನವನ್ನ ಯಾರು ಮಾಡ್ತಾರೆ? ಮುಂದಿನ ವರ್ಷದ ಹುಡುಗ ಗ್ರೀನ್ ಟೀ ಬಿಟ್ಟು ದಾಳಿಂಬೆ ಸಿಪ್ಪೆ ತಗೋತಾನೆ.

ನಗಬೇಡಿ. ತುಳಸಿ ನೀರಿಗೆ ಬೆಲೆ ಇಲ್ಲ ಅಂತ ನಾನು ಹೇಳ್ತಿಲ್ಲ. ಆದರೆ ಹಲ್ಲು ನೋವು ಬಂದವನಿಗೆ ಎರಡು ವಾರದ ಮುಕ್ಕಳಿಕೆಯ ಅಂಕಿಯಿಂದ ಏನು ತಿಳೀಬೇಕು? ವರ್ಷಗಟ್ಟಲೆ ನೋಡಬೇಕಾದ ರೋಗವನ್ನ ಪರೀಕ್ಷೆಯ ಕ್ಯಾಲೆಂಡರಿಗೆ ತಕ್ಕ ಹಾಗೆ ಕತ್ತರಿಸಿದರೆ ಸಿಗೋದು ಕತ್ತರಿಸಿದ ಉತ್ತರವೇ.

ಸಂಶೋಧನೆ ಅಂದ್ರೆ ಹಂಗೇ ಕಣ್ರೀ, ಸಣ್ಣಸಣ್ಣದೇ ಸೇರಿ ದೊಡ್ಡದಾಗೋದು ಅಂತ ಹೇಳೋರಿದ್ದಾರೆ. ಇರಬಹುದು. ಆದರೆ ಇದೇ ಫ್ಲೋರೈಡಿನ ಕಥೆ ಎಲ್ಲಿಂದ ಶುರುವಾಯ್ತು ಅಂತ ನೋಡಿ. ಇದು ದೊಡ್ಡ ವಿಶ್ವವಿದ್ಯಾಲಯದಲ್ಲಿ ಶುರುವಾದದ್ದಲ್ಲ. 1901ರಲ್ಲಿ ಫ್ರೆಡರಿಕ್ ಮೆಕೇ ಅನ್ನೋ ಹೊಸದಾಗಿ ಪಾಸಾದ ದಂತವೈದ್ಯ ಅಮೆರಿಕದ ಕೊಲರಾಡೋ ಸ್ಪ್ರಿಂಗ್ಸ್ ಅನ್ನೋ ಊರಿಗೆ ಬಂದ. ಅಲ್ಲಿನವರ ಹಲ್ಲೆಲ್ಲ ಕಂದು. ಪುಸ್ತಕದಲ್ಲಿ ಅದರ ಸುದ್ದಿಯೇ ಇಲ್ಲ. ಊರವರು ಹಂದಿಮಾಂಸ ಹೆಚ್ಚಾಗಿದ್ದಕ್ಕೆ ಅಂದರು, ಹಾಲು ಕೆಟ್ಟಿದ್ದಕ್ಕೆ ಅಂದರು. ಈತ ಮೂವತ್ತು ವರ್ಷ ಬೆನ್ನು ಹತ್ತಿದ.

ನನಗೆ ಇಷ್ಟವಾದದ್ದು 1923ರದ್ದು. ಐಡಹೋ ರಾಜ್ಯದ ಓಕ್ಲಿ ಅನ್ನೋ ಪುಟ್ಟ ಊರು. ಅಲ್ಲಿನ ತಂದೆತಾಯಂದಿರು ಮೆಕೇಗೆ ಹೇಳಿದರು: ದೂರದ ಬಿಸಿನೀರಿನ ಬುಗ್ಗೆಯಿಂದ ಊರಿಗೆ ಪೈಪು ಎಳೆದ ಮೇಲೇ ನಮ್ಮ ಮಕ್ಕಳ ಹಲ್ಲು ಹೀಗಾಗಿದ್ದು. ಆತ ನೀರು ಪರೀಕ್ಷೆ ಮಾಡಿದ. ಏನೂ ಸಿಗಲಿಲ್ಲ. ಫ್ಲೋರೈಡೇ ಕಾರಣ ಅಂತ ಆಗಿನ್ನೂ ಪ್ರಪಂಚದಲ್ಲಿ ಯಾರಿಗೂ ಗೊತ್ತಿರಲಿಲ್ಲ. ಆದರೂ ಆ ತಾಯಂದಿರ ಮಾತು ನಂಬಿ, ಆ ಪೈಪು ಬಿಟ್ಟು ಪಕ್ಕದ ಬೇರೆ ಬುಗ್ಗೆ ನೀರು ಕುಡೀರಿ ಅಂದ. ಊರವರು ಹಾಗೇ ಮಾಡಿದರು. ಕೆಲವೇ ವರ್ಷದಲ್ಲಿ ಸಣ್ಣ ಮಕ್ಕಳಿಗೆ ಹುಟ್ಟಿದ ಹೊಸ ಹಲ್ಲು ಬೆಳ್ಳಗಿದ್ದವು. ಫ್ಲೋರೈಡೇ ಕಾರಣ ಅಂತ ರಸಾಯನಶಾಸ್ತ್ರಜ್ಞ ಚರ್ಚಿಲ್ ಕಂಡುಹಿಡಿದದ್ದು ಎಂಟು ವರ್ಷ ಆದ ಮೇಲೆ, 1931ರಲ್ಲಿ.

ಗಮನಿಸಿ. ಕಾರಣವೇ ಗೊತ್ತಿಲ್ಲದ ಡಾಕ್ಟರು ಊರಿಗೆ ಉತ್ತರ ಕೊಟ್ಟ, ಮಕ್ಕಳ ಹಲ್ಲು ಉಳೀತು. ಕಾರಣ, ಪ್ರಮಾಣ, ಅಂಕಿ ಎಲ್ಲಾ ಗೊತ್ತಿರೋ ನಾವು ಪೇಸ್ಟು ಕೊಟ್ಟು ಫೋಟೋ ತೆಗೆಸ್ಕೊಂಡು ಹೋದ್ವಿ.

ಇದರ ಎದುರುಬದಿಗೆ ಇನ್ನೊಂದು ಕಥೆಯೂ ಇದೆ. 1940ರ ದಶಕದ ಕೊನೆಯಲ್ಲಿ ಸ್ವೀಡನ್ನಿನ ವಿಪೆಹೋಲ್ಮ್ ಅನ್ನೋ ಆಸ್ಪತ್ರೆಯಲ್ಲಿ ಬುದ್ಧಿಮಾಂದ್ಯರಿಗೆ ಹಲ್ಲಿಗೆ ಅಂಟಿಕೊಳ್ಳೋ ಹಾಗೆ ಬೇಕಂತಲೇ ತಯಾರಿಸಿದ ಟಾಫಿ ತಿನ್ನಿಸಿ, ಹಲ್ಲು ಹೇಗೆ ಹುಳುಕಾಗುತ್ತೆ ಅಂತ ನೋಡಿದರು. ಸಕ್ಕರೆ, ಮಿಠಾಯಿ ಉದ್ಯಮದ ದುಡ್ಡೂ ಅದರಲ್ಲಿತ್ತು. ಸಿಹಿ ಎಷ್ಟು ತಿಂದಿರಿ ಅನ್ನೋದಕ್ಕಿಂತ ಎಷ್ಟು ಸಲ ತಿಂದಿರಿ, ಅದು ಎಷ್ಟು ಹೊತ್ತು ಹಲ್ಲಿಗೆ ಅಂಟಿತ್ತು ಅನ್ನೋದು ಮುಖ್ಯ ಅಂತ ನಮಗೆಲ್ಲ ಗೊತ್ತಾದದ್ದು ಆ ನತದೃಷ್ಟರ ಹಲ್ಲಿನಿಂದ. ಇವತ್ತು ಪ್ರಪಂಚದ ಎಲ್ಲಾ ಡೆಂಟಲ್ ವಿದ್ಯಾರ್ಥಿಯೂ ಆ ಅಧ್ಯಯನ ಓದ್ತಾನೆ. ಆ ಜನಕ್ಕೆ ಏನು ಸಿಕ್ಕಿತು? ಹುಳುಕು ಹಲ್ಲು.

ನಮ್ಮೂರಿಗೆ ಬಂದ ವ್ಯಾನನ್ನ ವಿಪೆಹೋಲ್ಮ್‌ಗೆ ಹೋಲಿಸಿದರೆ ಅದು ಅನ್ಯಾಯ. ಇವರು ಯಾರಿಗೂ ಕೆಡುಕು ಮಾಡಲಿಲ್ಲ. ಆದರೆ ಒಂದು ವಿಷಯದಲ್ಲಿ ಎರಡೂ ಒಂದೇ: ಬಾಯಿ ಒಬ್ಬರದ್ದು, ತಿಳಿವಳಿಕೆ ಇನ್ನೊಬ್ಬರದ್ದು.

ನಮ್ಮ ದೇಶದಲ್ಲಿ ಇದನ್ನ ಸರಿಯಾಗಿ ಮಾಡಿದವರಿಲ್ಲವೇ? ಇದ್ದಾರೆ. ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಕೇರಳದ ಎರ್ನಾಕುಲಂ, ಗುಜರಾತಿನ ಭಾವನಗರ, ಆಂಧ್ರದ ಶ್ರೀಕಾಕುಳಂ ಜಿಲ್ಲೆಗಳಲ್ಲಿ ಸುಮಾರು 36,000 ತಂಬಾಕು ಬಳಸೋ ಹಳ್ಳಿಗರನ್ನ ವರ್ಷಗಟ್ಟಲೆ ಹಿಂಬಾಲಿಸಿದರು. ಮನೆಮನೆಗೆ ಹೋಗಿ ಬಾಯಿ ನೋಡಿದರು. ನೋಡಿ ಸುಮ್ಮನಾಗಲಿಲ್ಲ, ಕೂತು ಮಾತಾಡಿದರು, ತಂಬಾಕು ಬಿಡಿಸೋಕೆ ಪ್ರಯತ್ನಪಟ್ಟರು, ಮಾರನೇ ವರ್ಷ ಮತ್ತೆ ಅದೇ ಮನೆಗೆ ಹೋದರು. ಬಿಟ್ಟವರ ಬಾಯಿಯಲ್ಲಿ ಕ್ಯಾನ್ಸರಿಗೆ ಮುಂಚೆ ಬರೋ ಬಿಳಿ ಮಚ್ಚೆ ಕಡಿಮೆಯಾಯ್ತು. 1986ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆ ಅದನ್ನ ಪ್ರಕಟಿಸ್ತು. ಆಮೇಲೆ ತಿರುವನಂತಪುರ ಜಿಲ್ಲೆಯ ಪಂಚಾಯ್ತಿಗಳಲ್ಲಿ 1996ರಿಂದ ಒಂದು ದೊಡ್ಡ ಪ್ರಯೋಗ ನಡೀತು. ಡಾಕ್ಟರಲ್ಲದ, ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು ಮನೆಗೆ ಹೋಗಿ ಟಾರ್ಚು ಹಾಕಿ ಬಾಯಿ ನೋಡಿದರೆ ಬಾಯಿ ಕ್ಯಾನ್ಸರಿನ ಸಾವು ತಗ್ಗುತ್ತಾ ಅಂತ. 2005ರಲ್ಲಿ ಉತ್ತರ ಬಂತು: ತಂಬಾಕು, ಹೆಂಡದ ಚಟ ಇದ್ದವರಲ್ಲಿ ಸಾವು ಮೂರನೇ ಒಂದರಷ್ಟು ಕಡಿಮೆ.

ಅಲ್ಲೂ ಇದ್ದದ್ದು ನಮ್ಮಂಥದ್ದೇ ಹಳ್ಳಿ, ನಮ್ಮ ಹಾಗೇ ಎಲೆಅಡಿಕೆ ಹಾಕೋ ಜನ, ಬರೀ ಟಾರ್ಚು. ಅವರಿಗೆ ಆಗಿದ್ದು ನಮಗೆ ಯಾಕೆ ಆಗಲ್ಲ?

ನಮ್ಮಲ್ಲಿ ಪ್ರಶ್ನೆಗಳಿಗೇನಾದರೂ ಬರವಿದೆಯಾ? ಹೇಳ್ತೀನಿ ಕೇಳಿ.

ಜಾವಗಲ್ ಬಿಟ್ಟು ಹಳೇಬೀಡು ದಾಟಿ ಬೇಲೂರಿಗೆ ಹೋಗೋ ಬಸ್ಸು ಹತ್ತಿ. ಹಳೇಬೀಡಿಂದ ಬೇಲೂರು ಹದಿನಾರು ಕಿಲೋಮೀಟರು. ಇಷ್ಟರೊಳಗೆ ನೀರೇ ಬದಲಾಗಿಬಿಡುತ್ತೆ. ಈ ಕಡೆ ಬಯಲುಸೀಮೆಯ ಬೋರು, ಆ ಕಡೆ ಯಗಚಿ, ಕಾಫಿ ತೋಟ, ಹಳ್ಳದ ನೀರು. ಹೊಳೆಯ ನೀರಲ್ಲಿ ಸಾಮಾನ್ಯವಾಗಿ ಫ್ಲೋರೈಡು ಕಡಿಮೆ. ಕಡಿಮೆ ಇದ್ದರೆ ಹಲ್ಲಿಗೆ ಕಲೆ ಬರಲ್ಲ, ಹುಳುಕಿನಿಂದ ಕಾಪಾಡೋ ಬಲವೂ ನೀರಿನಿಂದ ಸಿಗಲ್ಲ. ಅಮೆರಿಕದ ಗ್ರ್ಯಾಂಡ್ ರ‍್ಯಾಪಿಡ್ಸ್ ಊರಲ್ಲಿ 1945ರಿಂದ ನೀರಿಗೆ ಫ್ಲೋರೈಡ್ ಬೆರೆಸೋಕೆ ಶುರು ಮಾಡಿದ್ದು ಇದೇ ಕಾರಣಕ್ಕೆ. ಒಂದೇ ಜಿಲ್ಲೆ, ಅಕ್ಕಪಕ್ಕದ ತಾಲ್ಲೂಕು. ಒಂದು ಕಡೆ ಫ್ಲೋರೈಡ್ ಜಾಸ್ತಿ, ಇನ್ನೊಂದು ಕಡೆ ಕಡಿಮೆ. ಅಂಗಡಿಯಲ್ಲಿ ಸಿಗೋ ಪೇಸ್ಟು ಮಾತ್ರ ಎರಡು ಕಡೆಗೂ ಒಂದೇ. ಜಾವಗಲ್ಲಿನ ಮಗುವಿಗೆ ಯಾವ ಪೇಸ್ಟು, ಎಷ್ಟು, ಯಾವ ವಯಸ್ಸಿಂದ? ಬೇಲೂರಿನ ಮಗುವಿಗೆ? ಸಾಮಾನ್ಯ ಸಲಹೆ ನನಗೂ ಈಗ ಗೊತ್ತು: ಮೂರು ವರ್ಷದೊಳಗಿನ ಕೂಸಿಗೆ ಅಕ್ಕಿಕಾಳಿನಷ್ಟು, ದೊಡ್ಡ ಮಕ್ಕಳಿಗೆ ಬಟಾಣಿಯಷ್ಟು, ನುಂಗದ ಹಾಗೆ ಉಗಿಸಬೇಕು. ಟೀವಿಯಲ್ಲಿ ತೋರಿಸೋ ಹಾಗೆ ಬ್ರಷ್ಷಿನ ಉದ್ದಕ್ಕೂ ಸುರೀಬಾರದು. ಆದರೆ ನಮ್ಮ ನೀರಿಗೆ, ನಮ್ಮ ಮುದ್ದೆ ಊಟಕ್ಕೆ ಅದನ್ನ ಪರೀಕ್ಷಿಸಿ, ಊರೂರಿಗೆ ಹೇಳಿದವರು ನನ್ನ ಮೂವತ್ತು ವರ್ಷದ ನೌಕರಿಯಲ್ಲಿ ಒಬ್ಬರೂ ಎದುರಾಗಲಿಲ್ಲ.

ಎರಡನೇದು. ಹುಳುಕು ಹಲ್ಲಿಗೆ ಸಿಲ್ವರ್ ಡೈಅಮೈನ್ ಫ್ಲೋರೈಡ್ ಅಂತ ಒಂದು ದ್ರವ ಇದೆ. ಕೊರೆಯೋ ಮೆಷೀನು ಬೇಡ, ಕರೆಂಟು ಬೇಡ, ಸೂಜಿ ಬೇಡ. ಹಚ್ಚಿದರೆ ಹುಳುಕು ನಿಲ್ಲುತ್ತೆ. 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದನ್ನ ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿದೆ. ಒಂದೇ ತೊಂದರೆ, ಹುಳುಕಿದ ಜಾಗ ಕಪ್ಪಾಗುತ್ತೆ. ಹೆಣ್ಣುಮಗುವಿನ ಮುಂದಿನ ಹಲ್ಲು ಕಪ್ಪಾದರೆ ನಮ್ಮ ತಾಯಂದಿರು ಒಪ್ತಾರಾ? ಹಾಲುಹಲ್ಲು ತಾನೇ, ಬಿದ್ದುಹೋಗುತ್ತೆ ಅಂತಾರಾ? ದವಡೆಗಾದರೆ ಸರಿ ಅಂತಾರಾ? ಜಪಾನಿನಲ್ಲೋ ಹಾಂಕಾಂಗಿನಲ್ಲೋ ಕೇಳಿದರೆ ಸಿಗೋ ಉತ್ತರ ಅಲ್ಲ ಇದು. ಇಲ್ಲಿ, ಅಂಗನವಾಡಿ ಮುಂದೆ ಕೂತು ಕೇಳಬೇಕು.

ಮೂರನೇದು ಅಡಿಕೆ. ಅಡಿಕೆ ನಮ್ಮ ಬದುಕು, ಅದರ ಸುದ್ದಿ ಎತ್ತಿದರೆ ಹೊಡೆಯೋಕೆ ಬರ್ತಾರೆ ಅಂತ ಗೊತ್ತಿದ್ದೇ ಬರೀತಿದ್ದೀನಿ. ತಂಬಾಕು ಇಲ್ಲದ ಬರೀ ಅಡಿಕೆಯೂ ಕ್ಯಾನ್ಸರ್‌ಕಾರಕ ಅಂತ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಪ್ರಕಟಿಸಿದೆ. ಅಡಿಕೆ ಪಾಕೀಟು ಜಗಿಯೋ ಹುಡುಗರ ಕೆನ್ನೆ ಒಳಗೆ ಹಗ್ಗದ ಹಾಗೆ ಗಟ್ಟಿಯಾಗಿ, ಬರ್ತಾ ಬರ್ತಾ ಬಾಯಿಯೇ ತೆರೆಯಲ್ಲ. ನಿಮ್ಮ ಮೂರು ಬೆರಳು ಒಟ್ಟಿಗೆ ನಿಲ್ಲಿಸಿ ಬಾಯಿಗೆ ಇಟ್ಟುನೋಡಿ, ಹೋಗಬೇಕು. ಅರಸೀಕೆರೆ ರೈಲ್ವೆ ಸ್ಟೇಷನ್ ಹತ್ತಿರದ ಟೀ ಅಂಗಡಿಯಲ್ಲಿ ಒಬ್ಬ ಹುಡುಗನ ಬಾಯಿಗೆ ಒಂದೂವರೆ ಬೆರಳು ಹೋಗಲ್ಲ. ಖಾರ ತಿನ್ನೋಕಾಗಲ್ಲ, ಮುದ್ದೆ ನುಂಗೋಕಾಗಲ್ಲ. ಅವನು “ಆ” ಅಂದ್ರೂ ಯಾವ ಸಂಶೋಧಕನಿಗೂ ಒಳಗೆ ಕಾಣಲ್ಲ. 2013ರಲ್ಲಿ ಕರ್ನಾಟಕದಲ್ಲಿ ಗುಟ್ಕಾ ನಿಷೇಧ ಆಯ್ತು. ಅಂಗಡಿಯವನು ಅಡಿಕೆ ಪಾಕೀಟು ಬೇರೆ, ತಂಬಾಕು ಪಾಕೀಟು ಬೇರೆ ಕೊಡೋಕೆ ಶುರು ಮಾಡಿದ. ಆಮೇಲೆ ನಮ್ಮ ಹುಡುಗರ ಬಾಯಿಗೆ ಏನಾಯ್ತು? ಇದಕ್ಕಿಂತ ಒಳ್ಳೆ ಪ್ರಬಂಧದ ವಿಷಯ ಬೇಕಾ?

ನಾಲ್ಕನೇದು ನಮ್ಮ ತಾಯಿಯ ಹಲ್ಲುಸೆಟ್ಟು. ಒಂದು ಶಿಬಿರದಲ್ಲಿ ಪುಕ್ಕಟೆ ಕಟ್ಟಿಸಿಕೊಟ್ಟರು, ಅವರ ಹೊಟ್ಟೆ ತಣ್ಣಗಿರಲಿ. ಅದನ್ನ ಅವಳು ಮದುವೆಮನೆಗೆ ಮಾತ್ರ ಹಾಕ್ಕೋತಿದ್ದಳು. ಊಟಕ್ಕೆ ಕೂರುವಾಗ ತೆಗೆದು ಸೆರಗಿನಲ್ಲಿ ಕಟ್ಕೋತಿದ್ದಳು! ವಸಡಿಗೆ ಒತ್ತುತ್ತೆ, ಮುದ್ದೆ ಅಂಟುತ್ತೆ. ಕೊಟ್ಟ ಸೆಟ್ಟುಗಳ ಲೆಕ್ಕ ಕೊಡೋ ಕಡೆಯೆಲ್ಲ ಕಟ್ಟಿಸಿದ್ದರ ಲೆಕ್ಕ ಕೊಡ್ತಾರೆ. ವರ್ಷದ ಮೇಲೆ ಅದರಲ್ಲಿ ಉಣ್ಣುತ್ತಿರೋರು ಎಷ್ಟು ಜನ ಅನ್ನೋದು ಬೇಕಾಗಿರೋ ಲೆಕ್ಕ.

ಈಗ ನನ್ನ ಮೇಲೆ ಬರೋ ಆಕ್ಷೇಪಣೆಗಳಿಗೆ ಬರ್ತೀನಿ.

“ಹಳ್ಳಿಯವರಿಗೆ ಹೇಳಿದರೆ ಅರ್ಥ ಆಗಲ್ಲ.” ಓಕ್ಲಿ ಊರಿನ ತಾಯಂದಿರಿಗೆ ಅರ್ಥ ಆಗಿತ್ತು. ನಮ್ಮ ಜನಕ್ಕೆ ಹಾಲಿನ ಡೇರಿಯಲ್ಲಿ ಫ್ಯಾಟು ಎಷ್ಟು ಬಂತು, ಎಸ್.ಎನ್.ಎಫ್. ಎಷ್ಟು ಬಂತು, ದಶಮಾಂಶದ ಎರಡನೇ ಅಂಕಿ ತನಕ ಗೊತ್ತು. ಲೀಟರಿಗೆ ಒಂದೂವರೆ ಮಿಲಿಗ್ರಾಂ ಅರ್ಥ ಆಗಲ್ವಾ?

“ಹೆದರಿಕೆ ಹುಟ್ಟಿಸಿದ ಹಾಗಾಗುತ್ತೆ.” ಹೇಳದೆ ಹೋದರೆ ಹೆದರಿಕೆ ಇರಲ್ಲ ಅಂತ ಯಾರು ಹೇಳಿದ್ದು? ಆ ತಾಯಿಗೆ “ಮೂರು” ಅನ್ನೋ ಅಂಕಿ ಕಿವಿಗೆ ಬಿದ್ದು ರಾತ್ರಿಯೆಲ್ಲ ನಿದ್ದೆ ಬಂದಿರಲಿಲ್ಲ.

“ಅದು ಸರ್ಕಾರದ ಕೆಲಸ, ಕಾಲೇಜಿನದ್ದಲ್ಲ.” ನೀರು ಕೊಡೋದು ಸರ್ಕಾರದ ಕೆಲಸ, ಒಪ್ಪಿದೆ. ಶುದ್ಧ ನೀರಿನ ಘಟಕ ಬಂದಿದೆ, ಕಾಯಿನ್ ಹಾಕಿದರೆ ಕ್ಯಾನು ತುಂಬುತ್ತೆ, ಕೆಟ್ಟಾಗ ತಿಂಗಳುಗಟ್ಟಲೆ ಕೆಟ್ಟೇ ಇರುತ್ತೆ, ಜನ ಕುಡಿಯೋಕೆ ಅದನ್ನ ತಂದು ಸಾರಿಗೆ ಬೋರಿನ ನೀರೇ ಹಾಕ್ತಾರೆ. ಅದು ಬೇರೆ ಜಗಳ. ಆದರೆ ಬಾಯಿ ನೋಡಿದ್ದು ಕಾಲೇಜು. ನೋಡಿದ್ದನ್ನ ಹೇಳೋ ಸಾಲ ಕಾಲೇಜಿನದ್ದೇ.

“ಒಪ್ಪಿಗೆ ತಗೊಂಡಿದ್ದೀವಿ, ಸಹಿ ಇದೆ.” ಹೌದು, ಇದೆ. ಒಂದು ಸಹಿ ನನ್ನದೇ. ಇಂಗ್ಲಿಷಿನಲ್ಲಿದ್ದ ಎರಡು ಪುಟದ ಫಾರಮ್ಮು. ಮುಖ್ಯೋಪಾಧ್ಯಾಯನಾಗಿ ನಾನು ಹಾಕಿದೆ, ತಂದೆತಾಯಿಗಳಿಗೂ “ಹಾಕ್ರಪ್ಪಾ, ಹಲ್ಲು ಪರೀಕ್ಷೆ” ಅಂದೆ, ಹೆಬ್ಬೆಟ್ಟೂ ಒತ್ತಿಸಿದೆ. ಅರ್ಥವಾಗೋ ಭಾಷೆಯಲ್ಲಿ ಹೇಳಿ ಒಪ್ಪಿಗೆ ಪಡೀಬೇಕು, ಏಳು ವರ್ಷ ದಾಟಿದ ಮಗುವನ್ನೂ ಕೇಳಬೇಕು, ಸಂಶೋಧನೆಯ ಫಲದಲ್ಲಿ ಆ ಸಮುದಾಯಕ್ಕೂ ಪಾಲಿರಬೇಕು ಅಂತ ಐ.ಸಿ.ಎಂ.ಆರ್. 2017ರ ಮಾರ್ಗಸೂಚಿ ಹೇಳುತ್ತೆ. ಕಾಗದದಲ್ಲಿ ಎಲ್ಲಾ ಇದೆ. 2007ರಿಂದ ಕ್ಲಿನಿಕಲ್ ಟ್ರಯಲ್‌ಗಳ ರಾಷ್ಟ್ರೀಯ ನೋಂದಣಿಯೂ ಇದೆ, ಕಂಪ್ಯೂಟರಿನಲ್ಲಿ ಯಾರು ಬೇಕಾದರೂ ನೋಡಬಹುದು. ಇಂಗ್ಲಿಷ್ ಬಂದರೆ.

ಹಾಗಾದರೆ ನಾನು ಕೇಳ್ತಿರೋದು ಏನು? ದೊಡ್ಡದೇನೂ ಇಲ್ಲ.

ನಮ್ಮ ಸುತ್ತಮುತ್ತ ಹೊಯ್ಸಳರ ಕಾಲದ ಶಾಸನ ಇಲ್ಲದ ಊರು ಹುಡುಕಬೇಕು. 2023ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಬೇಲೂರು, ಹಳೇಬೀಡು ಹಾಗಿರಲಿ, ಸಣ್ಣ ಹಳ್ಳಿಯ ಪಾಳುಗುಡಿ ಮುಂದೂ ಒಂದು ಕಲ್ಲು ನಿಂತಿರುತ್ತೆ. ಏನಿರುತ್ತೆ ಅದರಲ್ಲಿ? ಯಾರು ಏನು ಕೊಟ್ಟರು, ಯಾಕೆ ಕೊಟ್ಟರು, ಗದ್ದೆಯ ಎಲ್ಲೆ ಎಲ್ಲಿಂದ ಎಲ್ಲಿಗೆ. ಕನ್ನಡದಲ್ಲಿ, ಕೊಟ್ಟ ಊರಲ್ಲೇ, ಹೋಗೋರು ಬರೋರು ನೋಡೋ ಜಾಗದಲ್ಲಿ. ಎಂಟುನೂರು ವರ್ಷದ ಹಿಂದೆ ಒಂದು ಗದ್ದೆಯ ಲೆಕ್ಕವನ್ನ ಊರಿಗೆ ಒಪ್ಪಿಸೋ ಮರ್ಯಾದೆ ಇತ್ತು. ಮಕ್ಕಳ ಬಾಯಿಯ ಲೆಕ್ಕ ಒಪ್ಪಿಸೋಕೆ ಕಲ್ಲು ಬೇಡ, ಒಂದು ಹಾಳೆ ಸಾಕು. ಮಕ್ಕಳ ಹೆಸರು ಅದರಲ್ಲಿ ಬೇಡ. ಎಷ್ಟು ಮಕ್ಕಳನ್ನ ನೋಡಿದ್ವಿ, ಏನು ಕಂಡ್ವಿ, ನಿಮ್ಮ ಬೋರಿನ ನೀರಲ್ಲಿ ಏನಿದೆ, ನೀವು ಏನು ಮಾಡಬಹುದು. ಕನ್ನಡದಲ್ಲಿ, ಪಂಚಾಯ್ತಿ ಗೋಡೆ ಮೇಲೆ, ಶಾಲೆಯ ನೋಟೀಸ್ ಬೋರ್ಡಿನ ಮೇಲೆ. ಪ್ರತಿ ಮಗುವಿನ ಮನೆಗೆ ಅದರದ್ದೊಂದು ಚೀಟಿ.

ಆ ಹಾಳೆ ಊರಿಗೆ ತಲುಪಿತು ಅಂತ ಪಂಚಾಯ್ತಿಯ ಸೀಲು ಬೀಳೋ ತನಕ ಪ್ರಬಂಧವನ್ನ ಒಪ್ಪಿಕೊಳ್ಳಬಾರದು. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಮನಸ್ಸು ಮಾಡಿದರೆ ಒಂದು ಸುತ್ತೋಲೆ ಸಾಕು. ತಮ್ಮನ ಮಗಳು ಹೇಳಿದಳಲ್ಲ, ಕೇಳಿದ್ರೆ ಹೋಗ್ತಿದ್ವಿ ಅಂತ. ಕೇಳಿ ಸ್ವಾಮಿ.

ಇನ್ನೊಂದು ಮಾತು. ಎತ್ತಿನಹೊಳೆ ನೀರು ಅರಸೀಕೆರೆ ಕಡೆಗೆ ಬರುತ್ತೆ ಅಂತಿದ್ದಾರೆ, ಮನೆಮನೆಗೆ ನಲ್ಲಿ ಹಾಕ್ತಿದ್ದಾರೆ. ಬರೋದು ನಿಜವಾದರೆ ಇದು ನಮ್ಮ ಓಕ್ಲಿ. ಈಗಿನ ಮಕ್ಕಳ ಹಲ್ಲನ್ನ ಸರಿಯಾಗಿ ನೋಡಿ ದಾಖಲೆ ಇಟ್ಟುಕೊಂಡರೆ, ನೀರು ಬದಲಾದ ಹತ್ತು ವರ್ಷದ ಮೇಲೆ ಅದೇ ಊರಿನ ಮಕ್ಕಳ ಹಲ್ಲು ನೋಡಿ ಏನಾಯ್ತು ಅಂತ ಹೇಳಬಹುದು. ಈಗ ಬಿಟ್ಟರೆ ಹೋಯ್ತು. ಮೂರು ವರ್ಷದ ಎಂ.ಡಿ.ಎಸ್. ಹುಡುಗನಿಂದ ಒಬ್ಬನಿಂದಲೇ ಆಗೋ ಕೆಲಸ ಅಲ್ಲ. ಒಬ್ಬ ಬಿಟ್ಟ ಕಡೆಯಿಂದ ಇನ್ನೊಬ್ಬ ಹಿಡೀಬೇಕು, ಅದೇ ಶಾಲೆಗೆ ವರ್ಷವರ್ಷ ಹೋಗಬೇಕು. ಹತ್ತು ಬಿಡಿ ಪ್ರಬಂಧದ ಬದಲು ಹತ್ತು ಜನ ಸೇರಿದ ಒಂದು.

ಆ ಹುಡುಗ ಮೊನ್ನೆ ಸಿಕ್ಕಿದ್ದ, ಅರಸೀಕೆರೆ ಬಸ್ ಸ್ಟ್ಯಾಂಡಿನಲ್ಲಿ. ಈಗ ಇಪ್ಪತ್ತೆರಡು ವರ್ಷ. ಬೆಂಗಳೂರಿನಲ್ಲಿ ಒಂದು ಶೋರೂಮಿಗೆ ಇಂಟರ್‌ವ್ಯೂಗೆ ಹೋಗಿದ್ದನಂತೆ. “ಗುಟ್ಕಾ ಹಾಕ್ತೀಯೇನೋ?” ಅಂತ ಕೇಳಿದರಂತೆ. ಜನ್ಮದಲ್ಲಿ 'ಒಂದು ಅಡಿಕೆ ಹೋಳು ಬಾಯಿಗಿಟ್ಟವನಲ್ಲ. “ನೀರಿಂದ ಆಗಿದ್ದು ಸಾರ್ ಅಂದೆ, ನಂಬ್ಲಿಲ್ಲ ಮೇಷ್ಟ್ರೇ” ಅಂದ. ಮಾತಾಡುವಾಗೆಲ್ಲ ಕೈ ಬಾಯಿಗೆ ಅಡ್ಡ ಬರ್ತಿತ್ತು.

ತಂಗಿ ಹೇಗಿದ್ದಾಳೋ ಅಂದೆ. ಒಂಬತ್ತನೇ ಕ್ಲಾಸು ಅಂದ. ಪಕ್ಕದಲ್ಲೇ ನಿಂತಿದ್ದಳು, ನಾನು ಗುರುತು ಹಿಡಿದಿರಲಿಲ್ಲ. ನಮಸ್ಕಾರ ಸಾರ್ ಅಂದಳು. ತುಟಿ ಬಿಗಿಹಿಡಿದೇ ನಕ್ಕಳು.